ಪಾಚಿ ಕೆರೆಯೋ ಡಾಕ್ಟ್ರು

ನಮ್ಮೂರು ಇರುವುದು ಹೊಳೆನರಸೀಪುರಕ್ಕೂ ಅರಕಲಗೂಡಿಗೂ ನಡುವೆ. ಬಸ್ಸಿಳಿದು ಸ್ವಲ್ಪ ದೂರ ನಡೆದರೆ ಕೆರೆ ಏರಿ, ಏರಿ ದಾಟಿದರೆ ನಮ್ಮ ಮನೆ. ಕಳೆದ ಮೂರು ವರ್ಷಗಳಿಂದ ಊರಿಗೆ ಬಂದಾಗಲೆಲ್ಲ ನಾನು ನೇರ ಮನೆಗೆ ಹೋಗುವುದಿಲ್ಲ. ಬ್ಯಾಗನ್ನು ಏರಿ ಮೇಲಿಟ್ಟು, ಚಪ್ಪಲಿ ಬಿಟ್ಟು, ತೂಬಿನ ಹತ್ತಿರದ ಕಲ್ಲುಗಳನ್ನು ಒಂದೊಂದಾಗಿ ತಡವುತ್ತೇನೆ. ನೀರಿನೊಳಗಿನ ಕಲ್ಲಿನ ಅಡಿಭಾಗದಲ್ಲಿ, ಮುಳುಗಿದ ಕೊಂಬೆಗಳ ಮೇಲೆ ಕಂದು ಬಣ್ಣದ, ಒರಟೊರಟಾದ ಒಂದು ಪೊರೆ ಸಿಗುತ್ತದೆ. ಮುಟ್ಟಿದರೆ ಕೈಗೆ ಸಣ್ಣಗೆ ಚುಚ್ಚುತ್ತದೆ, ಮೂಗಿಗೆ ಹಿಡಿದರೆ ಕೆಟ್ಟ ವಾಸನೆ. ಅದನ್ನು ಬ್ಲೇಡಿನಿಂದ ಮೆಲ್ಲಗೆ ಎಬ್ಬಿಸಿ ಬಾಟಲಿಗೆ ತುಂಬಿಕೊಳ್ಳುತ್ತೇನೆ.

ಮೊದಲ ಸಲ ಇದನ್ನು ನೋಡಿದ ಅಜ್ಜಿ ಕೇಳಿದ್ದಳು: "ಅದೇನ್ ಮಗಾ, ಪಾಚಿ ಕೆರ್ಕೊಂಡ್ ಹೋಗಕ್ಕೂ ಡಾಕ್ಟ್ರು ಓದ್ಬೇಕಾ?"

ಊರಲ್ಲಿ ನಾನು 'ಡಾಕ್ಟ್ರು ಓದ್ತಿರೋಳು'. ಪಿಎಚ್.ಡಿ. ಎಂದರೆ ಬೇರೆ ಡಾಕ್ಟರು ಎಂದು ಎಷ್ಟು ಸಲ ಹೇಳಿದರೂ ಮಂಡಿನೋವು ಹೇಳಿಕೊಂಡು ಬರುವವರು ತಪ್ಪಿಲ್ಲ. ಇಪ್ಪತ್ತೆಂಟಾಯಿತು, ಮದುವೆಯಾಗಿಲ್ಲ, ಸಂಬಳ ಎಂದರೆ ಫೆಲೋಶಿಪ್ಪು, ಅದೂ ಮೂರು ತಿಂಗಳಿಗೊಮ್ಮೆ ಬಂದರೆ ಪುಣ್ಯ. ಇಷ್ಟೆಲ್ಲದರ ಮೇಲೆ ಕೆರೆಯಲ್ಲಿ ಪಾಚಿ ಕೆರೆಯುವುದು. "ಅಜ್ಜಿ, ಇದು ಪಾಚಿ ಅಲ್ಲ, ಪ್ರಾಣಿ" ಎಂದೆ. ಅವಳು ಬಾಟಲಿಯನ್ನು ಬೆಳಕಿಗೆ ಹಿಡಿದು ನೋಡಿ, "ಕಣ್ಣೆಲ್ಲಿ, ಬಾಯೆಲ್ಲಿ?" ಎಂದಳು. ಎರಡೂ ಇಲ್ಲ. ಹೊಟ್ಟೆ, ಹೃದಯ, ನರ ಯಾವುದೂ ಇಲ್ಲ. ಆದರೂ ಅದು ಪ್ರಾಣಿಯೇ. ಅದರ ಹೆಸರು ಸ್ಪಂಜು. ಸ್ಪಂಜುಗಳೆಂದರೆ ಸಮುದ್ರದವು ಎಂದೇ ನಾವು ಓದಿರುತ್ತೇವೆ. ನಮ್ಮ ಕೆರೆ, ನಾಲೆ, ಬಾವಿಗಳಲ್ಲೂ ಇವೆ. ಹತ್ತೊಂಬತ್ತನೇ ಶತಮಾನದಲ್ಲಿ ಮುಂಬಯಿಯಲ್ಲಿ ವೈದ್ಯನಾಗಿದ್ದ ಹೆನ್ರಿ ಜಾನ್ ಕಾರ್ಟರ್ ಅಲ್ಲಿನ ಕೆರೆಗಳ ಸ್ಪಂಜುಗಳನ್ನು ವರ್ಷಗಟ್ಟಲೆ ನೋಡಿ ಬರೆದಿಟ್ಟ. ಭಾರತದಲ್ಲಿ ಸಾಮಾನ್ಯವಾಗಿ ಸಿಗುವ ಒಂದು ಸಿಹಿನೀರಿನ ಸ್ಪಂಜಿಗೆ ಇವತ್ತಿಗೂ ಅವನದೇ ಹೆಸರಿದೆ. 1911ರಲ್ಲಿ ನೆಲ್ಸನ್ ಅನಂಡೇಲ್ ಈ ದೇಶದ ಸಿಹಿನೀರಿನ ಸ್ಪಂಜುಗಳ ಬಗ್ಗೆ ದೊಡ್ಡ ಪುಸ್ತಕವನ್ನೇ ಬರೆದ.

ನಾನು ಈ ಪ್ರಾಣಿಯ ಹಿಂದೆ ಬಿದ್ದಿರುವುದು ಒಂದೇ ಪ್ರಶ್ನೆಗಾಗಿ. ಒಂಟಿಯಾಗಿ ಬದುಕುತ್ತಿದ್ದ ಜೀವಕೋಶಗಳು ಯಾವಾಗ, ಯಾಕೆ, ಹೇಗೆ ಒಟ್ಟಿಗೆ ಇರಲು ಕಲಿತವು? ಅಂದರೆ ಮೊದಲ ಪ್ರಾಣಿ ಹೇಗೆ ಪ್ರಾಣಿಯಾಯಿತು?

*

ಅಜ್ಜಿಗೆ ಇದನ್ನು ವಿವರಿಸಲು ನನಗೆ ಸಿಕ್ಕ ದಾರಿ ರಾಗಿ ಹಾಲುಬಾಯಿ. ನೆನೆಸಿದ ರಾಗಿಯನ್ನು ರುಬ್ಬಿ, ತೆಳು ಬಟ್ಟೆಯಲ್ಲಿ ಹಾಕಿ ಹಿಂಡಿದರೆ ಹಾಲು ಇಳಿಯುತ್ತದೆ, ಚರಟ ಬಟ್ಟೆಯಲ್ಲೇ ಉಳಿಯುತ್ತದೆ. 1907ರಲ್ಲಿ ಅಮೆರಿಕದ ಎಚ್. ವಿ. ವಿಲ್ಸನ್ ಎಂಬ ಪ್ರಾಣಿಶಾಸ್ತ್ರಜ್ಞ ಜೀವಂತ ಸಮುದ್ರ ಸ್ಪಂಜೊಂದನ್ನು ಹೀಗೆಯೇ ನಯವಾದ ಬಟ್ಟೆಯಲ್ಲಿ ಹಾಕಿ ನೀರಿನೊಳಗೆ ಹಿಂಡಿದ. ಪ್ರಾಣಿ ಪೂರ್ತಿ ಒಡೆದು ಬಿಡಿಬಿಡಿ ಕೋಶಗಳಾಗಿ ನೀರಿನ ತಳಕ್ಕೆ ಇಳಿಯಿತು. ನಮ್ಮಲ್ಲಿ ಯಾರನ್ನಾದರೂ ಹಾಗೆ ಮಾಡಿದರೆ ಕತೆ ಅಲ್ಲಿಗೆ ಮುಗಿಯಿತು. ಸ್ಪಂಜಿನ ಕತೆ ಮುಗಿಯಲಿಲ್ಲ. ಕೋಶಗಳು ತೆವಳತೊಡಗಿದವು, ಒಂದಕ್ಕೊಂದು ತಗುಲಿದವು, ತಗುಲಿದ್ದು ಅಂಟಿಕೊಂಡಿತು. ಸಣ್ಣ ಗುಂಪುಗಳು ಸೇರಿ ದೊಡ್ಡ ಗುಂಪುಗಳಾಗಿ, ಕೆಲವೇ ದಿನಗಳಲ್ಲಿ ನೀರು ಎಳೆದುಕೊಂಡು ಬಿಡುವ ಸ್ಪಂಜು ಮತ್ತೆ ತಯಾರಾಯಿತು. ಮುಂದಿನ ಕಾಲದ ಪ್ರಯೋಗಗಳಲ್ಲಿ ಎರಡು ಜಾತಿಯ ಸ್ಪಂಜುಗಳ ಕೋಶಗಳನ್ನು ಬೆರೆಸಿ ನೋಡಿದಾಗ, ಬಹುಮಟ್ಟಿಗೆ ಅವು ತಮ್ಮ ತಮ್ಮವರನ್ನೇ ಹುಡುಕಿಕೊಂಡು ಬೇರೆಯಾದವು.

ಕೆರೆಯ ಸ್ಪಂಜಿನಲ್ಲಿ ನಾನು ಈ ಪ್ರಯೋಗವನ್ನು ನೂರಾರು ಸಲ ಮಾಡಿದ್ದೇನೆ. ರಾತ್ರಿಯೆಲ್ಲ ಸೂಕ್ಷ್ಮದರ್ಶಕಕ್ಕೆ ಕ್ಯಾಮೆರಾ ಕಟ್ಟಿ ನಿಮಿಷಕ್ಕೊಂದು ಚಿತ್ರ ತೆಗೆಯುತ್ತೇವೆ. ಬೆಳಿಗ್ಗೆ ಓಡಿಸಿ ನೋಡಿದರೆ ಜಾತ್ರೆಯಲ್ಲಿ ತಪ್ಪಿಸಿಕೊಂಡವರು ಒಬ್ಬೊಬ್ಬರೇ ಸಿಕ್ಕಿ ಕೈಹಿಡಿದುಕೊಂಡ ಹಾಗೆ ಕಾಣುತ್ತದೆ.

ಅಜ್ಜಿ ಇಡೀ ಕತೆ ಕೇಳಿ, "ಹಿಂಡಿದ್ ಮೇಲೂ ಕೂಡ್ಕೊಳ್ತವಾ? ನಮ್ ಮನೆ ಅಣ್ಣತಮ್ಮಂದ್ರಿಗಿಂತ ವಾಸಿ" ಎಂದಳು. ನಮ್ಮ ಮನೆಯಲ್ಲಿ ಪಾಲಾಗಿ ಹನ್ನೆರಡು ವರ್ಷವಾಗಿತ್ತು.

*

ಬೆಂಗಳೂರಿನಿಂದ ಹಾಸನಕ್ಕೆ ಬಸ್ಸಿನಲ್ಲಿ ಬರುವಾಗ ನಾನು ಒಂದು ಆಟ ಆಡುತ್ತೇನೆ. ದಾರಿ ಸುಮಾರು 180 ಕಿಲೋಮೀಟರ್. ಭೂಮಿಯ ವಯಸ್ಸು ಸುಮಾರು 454 ಕೋಟಿ ವರ್ಷ. ಈ ದಾರಿಯೇ ಭೂಮಿಯ ಆಯಸ್ಸು ಎಂದುಕೊಂಡರೆ ಒಂದು ಕಿಲೋಮೀಟರಿಗೆ ಎರಡೂವರೆ ಕೋಟಿ ವರ್ಷ. ಬೆಂಗಳೂರು ಬಿಟ್ಟಾಗ ಭೂಮಿ ಹುಟ್ಟಿತು. ನೆಲಮಂಗಲ ದಾಟಿ ಕುಣಿಗಲ್ ಸಿಗುವ ಮೊದಲೇ ನಮ್ಮೂರ ಸುತ್ತಲಿನ ಬಂಡೆಗಳು ಹುಟ್ಟಿಬಿಡುತ್ತವೆ. ಹಾಸನ–ಗೊರೂರು ಭಾಗದ ನೈಸ್ ಶಿಲೆಗಳಿಗೆ 330 ಕೋಟಿ ವರ್ಷಕ್ಕೂ ಹೆಚ್ಚು ವಯಸ್ಸಾಗಿದೆಯೆಂದು ಭೂವಿಜ್ಞಾನಿಗಳು ಲೆಕ್ಕಹಾಕಿದ್ದಾರೆ. ಹೊಳೆನರಸೀಪುರದ ಶಿಸ್ಟ್ ಪಟ್ಟಿ ಎಂದರೆ ಪ್ರಪಂಚದ ಭೂವಿಜ್ಞಾನಿಗಳಿಗೆ ಗೊತ್ತಿರುವ ಹೆಸರು. ನಾವು ಬಟ್ಟೆ ಒಗೆಯುವ ಕಲ್ಲು, ದನ ಕಟ್ಟುವ ಕಲ್ಲುಗೂಟ ಎಲ್ಲ ಅಷ್ಟು ಹಳೆಯ ಸಾಮಾನು.

ಆಮೇಲೆ ದಾರಿ ಬಹಳ ಉದ್ದ, ನೋಟ ಬಹಳ ಕಡಿಮೆ. ಬೆಳ್ಳೂರು ಕ್ರಾಸ್ ಆಸುಪಾಸಿನಲ್ಲಿ, ನಮ್ಮ ಕೋಶಗಳ ಹಾಗೆ ನಡುವೆ ಕೇಂದ್ರಬೀಜ ಇಟ್ಟುಕೊಂಡ ಕೋಶಗಳು ಕಾಣಸಿಗುತ್ತವೆ. ಅವೂ ಬಹುಪಾಲು ಒಂಟಿಗಳೇ. ಹಿರೀಸಾವೆ ಹೋಗುತ್ತದೆ, ಚನ್ನರಾಯಪಟ್ಟಣ ಬಂದು ಬಸ್ಸು ಹತ್ತು ನಿಮಿಷ ನಿಂತು ಹೊರಡುತ್ತದೆ, ಇನ್ನೂ ಒಂದು ಪ್ರಾಣಿಯಿಲ್ಲ. ಚನ್ನರಾಯಪಟ್ಟಣಕ್ಕೂ ಶಾಂತಿಗ್ರಾಮಕ್ಕೂ ನಡುವೆ ಎಲ್ಲೋ, ಹಾಸನ ಇನ್ನು 24 ಕಿಲೋಮೀಟರ್ ಇದೆ ಎನ್ನುವಾಗ, ಸುಮಾರು 60 ಕೋಟಿ ವರ್ಷಗಳ ಹಿಂದೆ ಪ್ರಾಣಿಗಳ ಸುಳಿವು ಹತ್ತುತ್ತದೆ. ಇನ್ನೂ ಹಿಂದಕ್ಕೆ ಒಯ್ಯುವವರೂ ಇದ್ದಾರೆ. ಡೈನೋಸಾರುಗಳು ಅಳಿಯುವಾಗ ಹಾಸನ ಎರಡೂವರೆ ಕಿಲೋಮೀಟರ್ ದೂರ. ಮನುಷ್ಯರ ಮೂರು ಲಕ್ಷ ವರ್ಷ ಎಂದರೆ ಕೊನೆಯ 12 ಮೀಟರ್, ಹೆಚ್ಚು ಕಡಿಮೆ ನಾನು ಕೂತ ಬಸ್ಸಿನ ಉದ್ದ.

ಅಷ್ಟು ಹಿಂದಿನ ಮೆತ್ತನೆಯ ಜೀವಿಗಳ ಗುರುತು ಕಲ್ಲಿನಲ್ಲಿ ಉಳಿಯುವುದೇ ಅಪರೂಪ. ಚೀನಾದ ದೌಶಾಂತುವೊ ಎಂಬಲ್ಲಿ ಸಿಕ್ಕ ಸುಮಾರು 60 ಕೋಟಿ ವರ್ಷ ಹಿಂದಿನ ಸಾಸಿವೆಗಿಂತ ಸಣ್ಣ ಗುಂಡುಗಳಲ್ಲಿ ಎರಡು, ನಾಲ್ಕು, ಎಂಟು ಕೋಶಗಳಾಗಿ ಒಡೆದಿರುವುದು ಸ್ಪಷ್ಟವಾಗಿ ಕಾಣುತ್ತದೆ. 1998ರಲ್ಲಿ ಇವು ಪ್ರಾಣಿಗಳ ಭ್ರೂಣಗಳೆಂದು ವರದಿಯಾಯಿತು. ಹೌದೋ ಅಲ್ಲವೋ ಎಂಬ ಜಗಳ ಇನ್ನೂ ಮುಗಿದಿಲ್ಲ. ನಮ್ಮ ದೇಶದಲ್ಲಿ ಇನ್ನೊಂದು ಪ್ರಸಂಗ ನಡೆಯಿತು. ಭೀಮಬೇಟ್ಕಾ ಗುಹೆಯ ಚಾವಣಿಯಲ್ಲಿ ಡಿಕಿನ್ಸೋನಿಯಾ ಎಂಬ ಅತಿ ಪ್ರಾಚೀನ ಪ್ರಾಣಿಯ ಪಳೆಯುಳಿಕೆ ಕಂಡಿತೆಂದು 2021ರಲ್ಲಿ ದೊಡ್ಡ ಸುದ್ದಿಯಾಯಿತು. ಎರಡು ವರ್ಷ ಕಳೆಯುವಷ್ಟರಲ್ಲಿ ಬೇರೆ ವಿಜ್ಞಾನಿಗಳು ಹೋಗಿ ನೋಡಿದರು. ಅದು ಹೆಜ್ಜೇನು ಗೂಡು ಕಟ್ಟಿ ಬಿಟ್ಟುಹೋದ ಗುರುತಾಗಿತ್ತು, ಹಳೆಯದಾಗಿ ಕಲ್ಲಿನಿಂದ ಕಳಚಿಕೊಳ್ಳುತ್ತಿತ್ತು. ಮೊದಲು ವರದಿ ಮಾಡಿದವರೂ ತಪ್ಪನ್ನು ಒಪ್ಪಿಕೊಂಡರು. ನಮ್ಮ ಲ್ಯಾಬಿನಲ್ಲಿ ಯಾರಾದರೂ ಅತ್ಯುತ್ಸಾಹದಿಂದ ಫಲಿತಾಂಶ ತಂದರೆ ಇವತ್ತಿಗೂ ಕೇಳುವ ಮೊದಲ ಪ್ರಶ್ನೆ, "ಹೆಜ್ಜೇನಲ್ಲ ತಾನೆ?"

ಕಲ್ಲು ಹೇಳದ್ದನ್ನು ಬದುಕಿರುವ ಜೀವಿಗಳಲ್ಲಿ ಹುಡುಕಬೇಕು. ಸ್ಪಂಜಿನ ಒಳಗೋಡೆಯಲ್ಲಿ ಒಂದು ಬಗೆಯ ಕೋಶಗಳಿವೆ. ಪ್ರತಿಯೊಂದಕ್ಕೂ ಒಂದು ಉದ್ದನೆಯ ಬಾಲ, ಬಾಲದ ಬುಡಕ್ಕೆ ಅಂಗಿಯ ಕಾಲರಿನಂಥ ಪಟ್ಟಿ. ಬಾಲ ಬಡಿದು ನೀರು ಎಳೆಯುತ್ತವೆ, ಕಾಲರಿನಲ್ಲಿ ಸಿಕ್ಕಿದ ಬ್ಯಾಕ್ಟೀರಿಯಾ ತಿನ್ನುತ್ತವೆ. ಇದೇ ಆಕಾರದ, ಆದರೆ ನೀರಿನಲ್ಲಿ ಒಂಟಿಯಾಗಿ ಬದುಕುವ ಜೀವಿಗಳೂ ಇವೆ. ಹೆಸರು ಕೊಯನೋಫ್ಲಾಜೆಲೇಟ್. ಇವೆರಡರ ಹೋಲಿಕೆಯನ್ನು 1860ರ ದಶಕದಲ್ಲೇ ಹೆನ್ರಿ ಜೇಮ್ಸ್-ಕ್ಲಾರ್ಕ್ ಗುರುತಿಸಿದ್ದ. 2008ರಲ್ಲಿ ಅಂಥದೊಂದು ಒಂಟಿಜೀವಿಯ ಜೀನುಗಳನ್ನೆಲ್ಲ ಓದಿದಾಗ ಒಂದು ವಿಚಿತ್ರ ಸಿಕ್ಕಿತು. ನಮ್ಮ ಮೈಯ ಕೋಶಗಳನ್ನು ಒಂದಕ್ಕೊಂದು ಅಂಟಿಸಿ ಹಿಡಿಯುವ ಕ್ಯಾಡೆರಿನ್ ಎಂಬ ಪ್ರೋಟೀನುಗಳ ಬಳಗ ಅದರಲ್ಲೂ ಇತ್ತು. ಅಂಟಿಕೊಳ್ಳಲು ಯಾರೂ ಇಲ್ಲದವನ ಮನೆಯಲ್ಲಿ ಅಂಟು! ಬಹುಶಃ ಬೇಟೆ ಹಿಡಿಯಲೋ, ನೆಲ ಹಿಡಿದು ನಿಲ್ಲಲೋ ಬಳಸುತ್ತಿದ್ದ ಸಾಮಾನು ಮುಂದೆ ಕೂಡಿ ಬದುಕಲು ಒದಗಿತು. ಅದರದೇ ಇನ್ನೊಂದು ಬಂಧು, ಕೆಲವು ಸಲ ಒಂಟಿ, ಕೆಲವು ಸಲ ಹೂವಿನಂತೆ ಗೊಂಚಲು. ಗೊಂಚಲಾಗು ಎಂದು ಅದಕ್ಕೆ ಸೂಚನೆ ಕೊಡುವುದು ಜೊತೆಗಿರುವ ಒಂದು ಬ್ಯಾಕ್ಟೀರಿಯಾದ ಕೊಬ್ಬಿನಂಶ ಎಂದು 2012ರಲ್ಲಿ ಗೊತ್ತಾಯಿತು.

ಕೂಡಿ ಬದುಕುವುದಕ್ಕೆ ಬೆಲೆಯೂ ಇದೆ. ಮಣ್ಣಿನಲ್ಲಿ ಬದುಕುವ ಒಂದು ಬಗೆಯ ಅಮೀಬಾಗಳು ಆಹಾರ ಇರುವವರೆಗೆ ಒಂಟಿ. ಹಸಿವಾದಾಗ ಒಂದು ರಾಸಾಯನಿಕ ಬಿಟ್ಟು ಒಬ್ಬರನ್ನೊಬ್ಬರು ಕರೆದು, ಸಾವಿರಗಟ್ಟಲೆ ಸೇರಿ, ಹುಳುವಿನಂತೆ ಒಟ್ಟಿಗೆ ತೆವಳಿ, ಕೊನೆಗೆ ಒಂದು ಸಣ್ಣ ಕಂಬವಾಗಿ ನಿಲ್ಲುತ್ತವೆ. ಕಂಬದ ತುದಿಯಲ್ಲಿರುವವು ಬೀಜಕಣಗಳಾಗಿ ಬದುಕುತ್ತವೆ. ಕಂಬವೇ ಆದ ಸುಮಾರು ಐದರಲ್ಲಿ ಒಂದು ಪಾಲು ಸಾಯುತ್ತವೆ. ಯಾರು ಕಂಬ, ಯಾರು ತುದಿ? ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ವಿದ್ಯಾನಂದ ನಂಜುಂಡಯ್ಯನವರು ದಶಕಗಳ ಕಾಲ ಈ ಪ್ರಶ್ನೆಯ ಬೆನ್ನುಹತ್ತಿದರು. ಮುದುಮಲೈ ಕಾಡಿನ ಮಣ್ಣಿನಿಂದ ತಂದ ಅಮೀಬಾಗಳ ಮೇಲೂ ಅವರ ಗುಂಪು ಕೆಲಸ ಮಾಡಿತು. ಎಂ.ಎಸ್ಸಿ.ಯಲ್ಲಿ ಆ ಬರಹಗಳನ್ನು ಓದಿದ ಮೇಲೆಯೇ ನಾನು ಈ ದಾರಿಗೆ ಬಂದದ್ದು. ದೊಡ್ಡ ಮನೆಯಲ್ಲಿ ಬೆಳೆದವಳಿಗೆ, ಯಾರು ಕಂಬವಾಗುತ್ತಾರೆ ಎಂಬ ಪ್ರಶ್ನೆ ಹೊಸದೇನಾಗಿರಲಿಲ್ಲ.

*

ಇಲ್ಲಿಯವರೆಗೆ ಹೇಳಿದ್ದನ್ನು ನಾನು ಯಾವ ಸೆಮಿನಾರಿನಲ್ಲಾದರೂ ಹೇಳಬಲ್ಲೆ. ಇನ್ನು ಮುಂದಿನದನ್ನು ಹೇಳುವುದು ಕಷ್ಟ.

ನನಗೆ ಒಬ್ಬಳೇ ಅಕ್ಕ. ಚನ್ನರಾಯಪಟ್ಟಣದ ಕಡೆ ಕೊಟ್ಟಿದೆ. ತೆಂಗಿನ ತೋಟದ ಮನೆ. ಬಿ.ಎಡ್. ಮಾಡಿ ಖಾಸಗಿ ಶಾಲೆಯೊಂದರಲ್ಲಿ ಪಾಠ ಹೇಳುತ್ತಾಳೆ, ಸ್ಕೂಟರಿನಲ್ಲಿ ಹೋಗಿಬರುತ್ತಾಳೆ. ಎರಡು ವರ್ಷದ ಹಿಂದೆ ಒಂದು ಸಂಜೆ ಅವಳ ಫೋನು ಬಂದಾಗ ನಾನು ಲ್ಯಾಬಿನಲ್ಲಿದ್ದೆ. ಆಗಷ್ಟೇ ಹಿಂಡಿದ ಸ್ಪಂಜಿನ ಕೋಶಗಳು ಕೂಡಿಕೊಳ್ಳಲು ಶುರುವಾಗಿದ್ದವು. ಫೋನ್ ಕಟ್ ಮಾಡಿ, 'ಆಮೇಲೆ ಮಾಡ್ತೀನಿ' ಎಂದು ಮೆಸೇಜು ಹಾಕಿದೆ. ಆಮೇಲೆ ಎನ್ನುವುದು ಎರಡು ದಿನದ ಮೇಲಾಯಿತು. ಅಷ್ಟರಲ್ಲಿ ಅಮ್ಮ ಹೇಳಿದ್ದಳು: ಮೂರು ತಿಂಗಳು ತುಂಬುವ ಮೊದಲೇ ಬಸುರು ಹೋಯಿತಂತೆ. ಅಕ್ಕನಿಗೆ ಫೋನ್ ಮಾಡಿದಾಗ ಏನು ಹೇಳಬೇಕೋ ತಿಳಿಯದೆ, "ಊಟ ಮಾಡ್ದ್ಯಾ?" ಎಂದು ಕೇಳಿದೆ. ಅವಳು "ಹೂಂ" ಎಂದಳು.

ಈ ವರ್ಷ ಶಿವರಾತ್ರಿ ಹತ್ತಿರ ಮತ್ತೆ ಹಾಗೆಯೇ ಆಯಿತು. ಈ ಸಲ ಹತ್ತನೇ ವಾರ.

ಮೊದಲ ಸಲ ಪಪ್ಪಾಯ ತಿಂದಳು ಎಂದಿದ್ದವರು ಈ ಸಲ ಸ್ಕೂಟರು ಎಂದರು. ಗ್ರಹಣದ ದಿನ ಅಂಗಳಕ್ಕೆ ಬಂದಿದ್ದಳು ಎಂದು ಇನ್ನೊಬ್ಬರು. ಪಕ್ಕದ ತೋಟದ ಹೆಂಗಸೊಬ್ಬಳು ಎಳನೀರು ಕೆಡವುವ ಹೊತ್ತಿನಲ್ಲಿ, ಅಕ್ಕನಿಗೆ ಕೇಳುವ ಹಾಗೆಯೇ, 'ಗೊಡ್ಡು' ಎಂದು ಆಡಿದಳಂತೆ. ಭಾವ ಒಳ್ಳೆಯವರು. ಆದರೆ ಮಾತು ಕಡಿಮೆ. ಅಮ್ಮನೇ ಹೋಗಿ ಅಕ್ಕನನ್ನು ಊರಿಗೆ ಕರೆತಂದಳು. ಈ ಸಲ ನಾನು ಪ್ರಯೋಗ ಅರ್ಧಕ್ಕೆ ಬಿಟ್ಟು ಬಂದೆ.

ಬಂದ ಎರಡನೆಯ ವಾರ ಅಕ್ಕ, "ಬೆಳಗೊಳಕ್ಕೆ ಹೋಗ್ಬರಣ ಬಾರೇ" ಎಂದಳು. ಚಿಕ್ಕವರಿದ್ದಾಗ ಶಾಲೆಯಿಂದ ಪ್ರವಾಸ ಹೋಗಿದ್ದೆವು. ಬಿಸಿಲೇರುವ ಮೊದಲು ವಿಂಧ್ಯಗಿರಿ ಹತ್ತಬೇಕೆಂದು ಬೆಳಗಿನ ಬಸ್ಸಿಗೇ ಹೊರಟೆವು. ಆರುನೂರಕ್ಕೂ ಹೆಚ್ಚು ಮೆಟ್ಟಿಲು. ಅಕ್ಕ ಎಲ್ಲಿಯೂ ಕೂರದೆ ಹತ್ತಿದಳು. ಮೇಲೆ, ಗೊಮ್ಮಟನ ಪಾದದ ಮುಂದೆ ಬಹಳ ಹೊತ್ತು ನಿಂತೆವು. ಸಾವಿರ ವರ್ಷ ಮೀರಿದ, 58 ಅಡಿಯ ಒಂದೇ ಕಲ್ಲು. ಈ ವಿಗ್ರಹ ಕಡೆಸಿದ ಚಾವುಂಡರಾಯನ ಗುರು ನೇಮಿಚಂದ್ರರ 'ಗೊಮ್ಮಟಸಾರ'ದಲ್ಲಿ ಜೀವಿಗಳ ವರ್ಗೀಕರಣವಿದೆ. ಅದರಲ್ಲಿ ನಿಗೋದ ಎಂಬ ಅತಿಸೂಕ್ಷ್ಮ ಜೀವಿಗಳ ಮಾತು ಬರುತ್ತದೆ. ಎಣಿಸಲಾಗದಷ್ಟು ಜೀವಗಳು ಒಂದೇ ಶರೀರದಲ್ಲಿ, ಒಂದೇ ಉಸಿರು, ಒಂದೇ ಆಹಾರ ಹಂಚಿಕೊಂಡು ಇರುತ್ತವೆ ಎಂಬ ಕಲ್ಪನೆ ಅದು. 'ಜೀವಕೋಶವನ್ನು ನಮ್ಮವರು ಆಗಲೇ ಕಂಡಿದ್ದರು' ಎಂದು ಇದನ್ನು ವಾಟ್ಸ್ಯಾಪಿನಲ್ಲಿ ಕಳಿಸುವವರ ಜೊತೆ ನಾನು ಸೇರುವುದಿಲ್ಲ. ಅವರು ಕೇಳಿಕೊಂಡ ಪ್ರಶ್ನೆ ಕರ್ಮದ್ದು, ಅಹಿಂಸೆಯದ್ದು. ನನ್ನದು ಬೇರೆ. ಆದರೂ ಒಂದು ಮೈಯಲ್ಲಿ ಎಷ್ಟು ಜೀವ ಎಂದು ಈ ಬೆಟ್ಟದ ಸುತ್ತ ಯಾರೋ ಹತ್ತು ಶತಮಾನದ ಹಿಂದೆ ಕೂತು ಯೋಚಿಸಿದ್ದರು ಎಂದುಕೊಂಡರೆ ಜೊತೆ ಸಿಕ್ಕಂತಾಗುತ್ತದೆ.

ಇಳಿಯುವಾಗ ಬಂಡೆಯ ನೆರಳಿನಲ್ಲಿ ಕೂತೆವು. ಅಕ್ಕ ಕೆಳಗಿನ ಕಲ್ಯಾಣಿಯನ್ನೇ ನೋಡುತ್ತ ಕೇಳಿದಳು: "ನೀನು ಇದನ್ನೇ ತಾನೆ ಓದೋದು, ಮೊದಲನೇ ದಿನಗಳಲ್ಲಿ ಏನಾಗುತ್ತೆ ಅಂತ. ಹೇಳು, ನಾನು ಏನ್ ತಪ್ಪು ಮಾಡ್ದೆ?"

ನಾನು ಪಾಠ ಶುರುಮಾಡಿದೆ. ಗೊತ್ತಾದ ಬಸುರುಗಳಲ್ಲೇ ನೂರಕ್ಕೆ ಹತ್ತರಿಂದ ಇಪ್ಪತ್ತು ನಿಲ್ಲುವುದಿಲ್ಲ, ಗೊತ್ತಾಗುವ ಮೊದಲೇ ಹೋಗುವವು ಇನ್ನೂ ಎಷ್ಟೋ, ಮೊದಲ ಮೂರು ತಿಂಗಳಲ್ಲಿ ಹೋಗುವವುಗಳಲ್ಲಿ ಸುಮಾರು ಅರ್ಧಕ್ಕೆ ವರ್ಣತಂತುಗಳ ಎಣಿಕೆ ತಪ್ಪಿರುವುದೇ ಕಾರಣ...

"ಪರ್ಸೆಂಟ್ ಹೇಳ್ಬೇಡ ಕಣೇ," ಎಂದಳು ಅಕ್ಕ. "ಅದನ್ನ ಡಾಕ್ಟ್ರೂ ಹೇಳಿದ್ರು."

ಬಸ್ಸಿನಲ್ಲಿ ಬರುವಾಗ ಇಬ್ಬರೂ ಮಾತಾಡಲಿಲ್ಲ. ನಾನು ಹೇಳಿದ್ದರಲ್ಲಿ ಒಂದು ಅಂಕಿಯೂ ತಪ್ಪಿರಲಿಲ್ಲ. ಆದರೆ ಅವಳು ಕೇಳಿದ್ದು ನೂರಕ್ಕೆ ಎಷ್ಟು ಎಂದಲ್ಲ.

*

ಮನೆಯಲ್ಲಿ ಅಜ್ಜಿ ಹ್ಯಾಟೆಯನ್ನು ಕಾವಿಗೆ ಕೂರಿಸಿದ್ದಳು. ಮೂಲೆಯಲ್ಲಿ ಮಂಕರಿ, ಮಂಕರಿಯಲ್ಲಿ ಹುಲ್ಲು, ಹದಿಮೂರು ಮೊಟ್ಟೆ. ಅಜ್ಜಿ ಯಾವತ್ತೂ ಬೆಸ ಸಂಖ್ಯೆಯಲ್ಲೇ ಇಡುವುದು. ಹತ್ತೊಂಬತ್ತನೇ ದಿನ ಅವಳು ಪಾತ್ರೆಯಲ್ಲಿ ಉಗುರುಬೆಚ್ಚನೆಯ ನೀರಿಟ್ಟು ಒಂದೊಂದೇ ಮೊಟ್ಟೆ ಬಿಟ್ಟು ನೋಡುತ್ತಿದ್ದಳು. ಜೀವ ಇರುವುದು ತಾನಾಗಿ ಅಲುಗುತ್ತದೆ. ನಾನೂ ಅಕ್ಕನೂ ಹತ್ತಿರ ಕೂತು ನೋಡಿದೆವು.

ಭ್ರೂಣದ ಅಧ್ಯಯನ ಶುರುವಾದದ್ದೇ ಕೋಳಿಮೊಟ್ಟೆಯಿಂದ. ಅರಿಸ್ಟಾಟಲ್ ದಿನಕ್ಕೊಂದು ಮೊಟ್ಟೆ ಒಡೆದು, ಹೃದಯ ಒಂದು ಕೆಂಪು ಚುಕ್ಕೆಯಂತೆ ಕುಣಿಯುವುದನ್ನು ಬರೆದಿಟ್ಟ. ಹ್ಯಾಟೆ ಮೊಟ್ಟೆ ಇಡುವ ಹೊತ್ತಿಗಾಗಲೇ ಒಳಗೆ ಸಾವಿರಾರು ಕೋಶಗಳ ಒಂದು ತಟ್ಟೆ ಇರುತ್ತದೆ. ಕಾವು ಸಿಕ್ಕಿದ ಮೊದಲ ದಿನವೇ ಆ ತಟ್ಟೆಯ ನಡುವೆ ಒಂದು ಗೆರೆ ಮೂಡುತ್ತದೆ, ಗೆರೆಯೊಳಗೆ ಕೋಶಗಳು ಇಳಿದು ಪದರಗಳಾಗುತ್ತವೆ. ಹೊರಗಿನದು ಚರ್ಮ, ನರ. ನಡುವಿನದು ರಕ್ತ, ಮೂಳೆ, ಮಾಂಸ. ಒಳಗಿನದು ಕರುಳು. ಇದಕ್ಕೆ ಗ್ಯಾಸ್ಟ್ರುಲೇಷನ್ ಎನ್ನುತ್ತಾರೆ. ಹುಟ್ಟು, ಮದುವೆ, ಸಾವುಗಳಿಗಿಂತ ಬದುಕಿನ ದೊಡ್ಡ ಘಟನೆ ಇದೇ ಎಂದು ಲೂಯಿಸ್ ವೋಲ್ಪರ್ಟ್ ಎಂಬ ವಿಜ್ಞಾನಿ ತಮಾಷೆ ಮಾಡುತ್ತಿದ್ದರು. ಮನುಷ್ಯರಲ್ಲಿ ಇದು ಎರಡು ವಾರ ಕಳೆದ ಮೇಲೆ ನಡೆಯುತ್ತದೆ. ಬಹಳಷ್ಟು ತಾಯಂದಿರಿಗೆ ಆಗಿನ್ನೂ ತಿಂಗಳು ತಪ್ಪಿದ್ದೂ ತಿಳಿದಿರುವುದಿಲ್ಲ. ಅದಕ್ಕೂ ಮೊದಲು, ಮೂರು ನಾಲ್ಕನೇ ದಿನ, ಎಂಟೋ ಹದಿನಾರೋ ಕೋಶಗಳು ದ್ರಾಕ್ಷಿಗೊಂಚಲಿನಂತೆ ಬಿಡಿಬಿಡಿಯಾಗಿದ್ದವು ಇದ್ದಕ್ಕಿದ್ದಂತೆ ಒಂದನ್ನೊಂದು ಬಿಗಿಯಾಗಿ ಅಪ್ಪಿಕೊಳ್ಳುತ್ತವೆ. ಅಪ್ಪಿಕೊಳ್ಳಲು ಬಳಸುವುದು ಅದೇ ಕ್ಯಾಡೆರಿನ್ ಬಳಗದ ಅಂಟು. ಒಂಟಿಜೀವಿಯ ಮನೆಯಲ್ಲಿ ಸಿಕ್ಕ ಸಾಮಾನು.

ಒಂದೊಂದು ಭ್ರೂಣವೂ ಜೀವವಿಕಾಸದ ಇತಿಹಾಸವನ್ನು ಮೊದಲಿಂದ ಆಡಿ ತೋರಿಸುತ್ತದೆ ಎಂದು ಹೆಕೆಲ್ 1866ರಲ್ಲಿ ಹೇಳಿದ್ದು ತಪ್ಪು. ಅದನ್ನು ನಂಬಿಸಲು ಅವನು ಚಿತ್ರಗಳನ್ನೂ ತಿದ್ದಿದ್ದ. ಆದರೆ ಒಂಟಿ ಕೋಶಗಳು ಕೂಡಿ ಬದುಕುವ ಕಷ್ಟದ ಕೆಲಸ ಎಂದೋ ಒಮ್ಮೆ ಆಗಿ ಮುಗಿದುದಲ್ಲ ಎಂಬುದು ಮಾತ್ರ ನಿಜ. ಪ್ರತಿಯೊಬ್ಬರಲ್ಲೂ ಅದು ಒಂದು ಕೋಶದಿಂದ ಹೊಸದಾಗಿ ಶುರುವಾಗಬೇಕು. ಎಷ್ಟೋ ಸಲ ಅದು ಕೈಗೂಡುವುದಿಲ್ಲ.

ಇಪ್ಪತ್ತೊಂದನೇ ದಿನ ಒಂಬತ್ತು ಮರಿ ಹೊರಬಂದವು. ಮಾರನೇ ದಿನ ಅಜ್ಜಿ ಉಳಿದ ನಾಲ್ಕು ಮೊಟ್ಟೆಗಳನ್ನು ತೆಂಗಿನ ಮರದ ಬುಡಕ್ಕೆ ಒಯ್ದಳು. ಅಕ್ಕ ಹಿಂದೆಯೇ ಹೋದಳು.

"ಅವು ಗೊಡ್ಡಾ ಅಜ್ಜಿ?"

ಆ ಮಾತು ಅವಳ ಬಾಯಲ್ಲಿ ಬಂದದ್ದು ಕೇಳಿ ನನಗೆ ನಡುಕ ಬಂತು. ಅಜ್ಜಿ ಉತ್ತರ ಹೇಳದೆ ಒಂದನ್ನು ಕಲ್ಲಿಗೆ ತಾಗಿಸಿ ಒಡೆದಳು. ಬರೀ ನೀರಾದ ಹಳದಿ. "ಗೊಡ್ಡು ಅಂದ್ರೆ ಇದು. ಜೀವ್ವೇ ಕಟ್ಟಿಲ್ಲ." ಇನ್ನೊಂದು ಒಡೆದಳು. ಒಳಗೆ ಕಪ್ಪು ಕಣ್ಣಿನ ಒಂದು ಪುಟ್ಟ ಆಕಾರ, ಎಂಟು ಹತ್ತು ದಿನದ್ದಿರಬೇಕು. "ಇದು ಗೊಡ್ಡಲ್ಲ ಮಗಾ. ಕಟ್ಟಿತ್ತು. ನಿಲ್ಲಲಿಲ್ಲ." ಮಣ್ಣು ಮುಚ್ಚಿ ಕೈ ತೊಳೆದುಕೊಳ್ಳುತ್ತ, ಬೇರೆ ಏನನ್ನೋ ಹೇಳುವವಳ ಹಾಗೆ ಹೇಳಿದಳು: "ಎಲ್ಲಾಕೂ ಅದೇ ಕಾವು, ಅದೇ ಹ್ಯಾಟೆ. ಇದ್ಕೆ ಕಮ್ಮಿ ಅದ್ಕೆ ಜಾಸ್ತಿ ಅಂತ ಕೊಟ್ಟಿತ್ತಾ ಅದು? ನಿಮ್ಮಪ್ಪಂಗಿಂತ ಮುಂಚೆ ನಂಗೂ ಎಲ್ಡು ಹೋಗಿದ್ವು. ಯಾರ್ಗೂ ಹೇಳ್ಲಿಲ್ಲ. ನಾಟಿ ಮಾಡ್ತಿದ್ದೆ, ಬಂದು ಮಲಿಕ್ಕಂಡೆ, ನಾಳಿಕ್ ಮತ್ತೆ ಗದ್ದೆಗ್ ಹೋದೆ."

ಅರವತ್ತು ವರ್ಷ ಹಿಂದಿನ ಮಾತು. ನಮ್ಮಪ್ಪನಿಗೂ ಗೊತ್ತಿರಲಿಲ್ಲ.

ಅಕ್ಕ ಆ ಸಂಜೆ ಜಗಲಿಯಲ್ಲಿ ಕೂತು ಅತ್ತಳು. ಎರಡೂ ಸಲ ಅವಳು ಅತ್ತದ್ದನ್ನು ನಾನು ನೋಡಿರಲಿಲ್ಲ. ಅತ್ತಾದ ಮೇಲೆ ಕೇಳಿದಳು: "ಆ ಎಣಿಕೆ ತಪ್ಪೋದು ಅಂದ್ಯಲ್ಲ, ಅದು ಯಾವಾಗ ಆಗುತ್ತೆ?"

ಈ ಸಲ ನಾನು ಮೆಲ್ಲಗೆ ಹೇಳಿದೆ. ಹೆಣ್ಣಿನ ಅಂಡಾಣುಗಳೆಲ್ಲ ತಯಾರಾಗಲು ಶುರುವಾಗುವುದು ಅವಳು ಹುಟ್ಟುವ ಮೊದಲೇ. ನಿನ್ನವು ನೀನು ಅಮ್ಮನ ಹೊಟ್ಟೆಯಲ್ಲಿದ್ದಾಗ. ಅಮ್ಮ ತನ್ನಮ್ಮನ ಹೊಟ್ಟೆಯಲ್ಲಿದ್ದಾಗಲೇ ನೀನೂ ನಾನೂ ಆಗಬೇಕಾದ ಕೋಶಗಳು ಅಲ್ಲಿದ್ದವು. ವರ್ಣತಂತುಗಳನ್ನು ಎರಡು ಪಾಲು ಮಾಡುವ ಕೆಲಸ ಆಗ ಶುರುವಾಗಿ, ಅರ್ಧದಲ್ಲಿ ನಿಂತು, ಇಪ್ಪತ್ತು ಮೂವತ್ತು ವರ್ಷ ಕಾದು, ಆ ತಿಂಗಳಿನಲ್ಲಿ ಮುಂದುವರಿಯುತ್ತದೆ. ಅಷ್ಟು ಕಾಲ ಕಾದದ್ದರಲ್ಲಿ ಕೆಲವು ಸಲ ಪಾಲು ಸರಿಯಾಗಿ ಆಗುವುದಿಲ್ಲ. ಒಂದು ಕಡೆ ಒಂದು ಹೆಚ್ಚು, ಇನ್ನೊಂದು ಕಡೆ ಒಂದು ಕಡಿಮೆ. ಆಮೇಲೆ ಕೋಶಗಳು ಎಷ್ಟು ಅಪ್ಪಿಕೊಂಡರೂ ಲೆಕ್ಕ ಕೂಡಿಬರುವುದಿಲ್ಲ. "ನಿನ್ನ ಎರಡರಲ್ಲೂ ಹೀಗೇ ಆಯ್ತು ಅಂತ ನಾನು ಹೇಳೋಕಾಗಲ್ಲ ಅಕ್ಕ, ಪರೀಕ್ಷೆ ಮಾಡಿಸಿಲ್ಲ. ಮುಂದೆ ಡಾಕ್ಟ್ರ ಹತ್ರ ಕೇಳೋಣ, ನಾನೇ ಬರ್ತೀನಿ. ಆದ್ರೆ ಸ್ಕೂಟರ್ ಓಡಿಸಿದ್ದಕ್ಕೆ, ಅಂಗಳಕ್ಕೆ ಬಂದಿದ್ದಕ್ಕೆ ಹೀಗಾಗಲ್ಲ. ಅದು ಮಾತ್ರ ನನಗೆ ಗೊತ್ತು."

"ಅವತ್ತು ಫೋನ್ ಮಾಡಿದಾಗ ಇದನ್ನ ಹೇಳ್ಬಾರ್ದಿತ್ತಾ?" ಎಂದಳು ಅಕ್ಕ.

ಹೇಳಬಹುದಿತ್ತು.

*

ಹಿಂತಿರುಗುವ ಮುನ್ನ ಕೆರೆಗೆ ಹೋದೆ. ನೀರು ಬಹಳ ಇಳಿದಿತ್ತು. ತೂಬಿನ ಕಲ್ಲುಗಳ ಮೇಲಿನ ಸ್ಪಂಜು ಒಣಗಿ ಉದುರುತ್ತಿತ್ತು. ಆದರೆ ಅದರ ಬುಡದಲ್ಲಿ ರಾಗಿಕಾಳಿಗಿಂತ ಸಣ್ಣ, ಹಳದಿ ಗುಂಡುಗಳು ಅಂಟಿಕೊಂಡಿದ್ದವು. ಗೆಮ್ಯೂಲ್ ಎನ್ನುತ್ತಾರೆ. ಬೇಸಗೆಯಲ್ಲಿ ಸಾಯುವ ಮೊದಲು ಸಿಹಿನೀರಿನ ಸ್ಪಂಜು ತನ್ನ ಕೆಲವು ಕೋಶಗಳನ್ನು ಗಟ್ಟಿ ಚಿಪ್ಪಿನೊಳಗೆ ಕಟ್ಟಿ ಬಿಟ್ಟುಹೋಗುತ್ತದೆ. ಕೆರೆ ಒಣಗಿ ಬಿರುಕು ಬಿಟ್ಟರೂ ಅವು ಇರುತ್ತವೆ. ನೀರು ಬಂದಾಗ ಚಿಪ್ಪಿನ ಕಿಂಡಿಯಿಂದ ಕೋಶಗಳು ಹೊರಗೆ ತೆವಳಿ ಹೊಸ ಸ್ಪಂಜು ಕಟ್ಟುತ್ತವೆ.

ಈ ಸಲ ಅಕ್ಕನೂ ಬಂದಿದ್ದಳು. ಸೀರೆ ಎತ್ತಿ ಕಟ್ಟಿ ಕೆಸರಿಗಿಳಿದು, ಕಲ್ಲು ಮಗುಚಿ, ನನಗಿಂತ ಚೆನ್ನಾಗಿ ಹುಡುಕಿದಳು. ಹದಿನೇಳು ಗುಂಡುಗಳನ್ನು ಒಂದು ಗಾಜಿನ ತಟ್ಟೆಯಲ್ಲಿ ಕೆರೆನೀರು ಹಾಕಿ, ಅಡುಗೆಮನೆಯ ಕಿಟಕಿಯಲ್ಲಿ ಇಟ್ಟು ನಾನು ಬಸ್ಸು ಹತ್ತಿದೆ. ಒಂದು ಭೂತಗನ್ನಡಿಯನ್ನೂ ಕೊಟ್ಟಿದ್ದೆ. ದಿನಾ ನೀರು ಬದಲಾಯಿಸು, ಬಿಸಿಲು ಬೀಳದ ಹಾಗೆ ನೋಡಿಕೋ ಎಂದಿದ್ದೆ.

ಐದನೆಯ ದಿನ ಲ್ಯಾಬಿನಲ್ಲಿದ್ದಾಗ ಫೋನು ಬಂತು. 'ಅಕ್ಕ' ಎಂದು ಕಂಡದ್ದೇ ಸೂಕ್ಷ್ಮದರ್ಶಕದ ದೀಪ ಆರಿಸಿ ಹೊರಗೆ ಬಂದೆ.

"ಕೆಲವದ್ರ ಸುತ್ತ ಬಿಳೀದು ಏನೋ ಹರಡ್ಕೊಂಡಿದೆ ಕಣೇ, ಜೇಡರ ಬಲೆ ಥರ. ಅಜ್ಜಿ ನೋಡಿ ಬೂಸ್ಟು ಬಂದೈತೆ ಚೆಲ್ಲು ಅಂತಾಳೆ. ಚೆಲ್ಲಲಾ?"

"ಬೇಡ ಬೇಡ. ಬೂಸ್ಟಲ್ಲ ಅದು. ಎಷ್ಟು ಬಂದಿವೆ?"

ಅವಳು ಎಣಿಸುವುದು ಫೋನಿನಲ್ಲಿ ಕೇಳುತ್ತಿತ್ತು. ಎರಡು ಸಲ ಎಣಿಸಿದಳು.

"ಹನ್ನೊಂದು. ಉಳಿದವು?"

"ಇನ್ನೊಂದೆರಡು ದಿನ ನೋಡು. ಕೆಲವು ಬರ್ತವೆ, ಕೆಲವು ಬರಲ್ಲ."

"ಹೂಂ," ಎಂದಳು. ಸ್ವಲ್ಪ ಹೊತ್ತು ಇಬ್ಬರೂ ಸುಮ್ಮನಿದ್ದೆವು. ಆಮೇಲೆ ಅವಳೇ ಕೇಳಿದಳು: "ನೀನು ಊಟ ಮಾಡ್ದ್ಯಾ?"